ಕಡಲಿನ ಪ್ಲಾಂಕ್ಟನ್ ಕಥೆ ನಮ್ಮ ಹಳ್ಳದಲ್ಲೇ ಶುರು: ಬಲೆ ಹೊಲಿದು, ನೀರು ಸೋಸಿ ನೋಡುವ ಬಗೆ

ನಮ್ಮ ಅಜ್ಜಿ ಕೊಡದ ಬಾಯಿಗೆ ಹಳೆಯ ಸೀರೆಯ ತುಂಡು ಕಟ್ಟದೆ ನೀರು ತುಂಬುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ "ನಾರುಹುಣ್ಣು ಆಗ್ತೈತಿ ತಮ್ಮಾ, ಸೋಸದ ನೀರು ಕುಡಿಬಾರ್ದು" ಅನ್ನುತ್ತಿದ್ದಳು. ಬಾವಿ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಾಸಿವೆಗಿಂತ ಸಣ್ಣ ಜೀವಿ ಇರುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ ಇರುತ್ತಿತ್ತು. ನೀರಿನ ಜೊತೆ ಸೈಕ್ಲಾಪ್ಸ್ ಒಳಗೆ ಹೋದರೆ ಹುಳವೂ ಹೋಗುತ್ತಿತ್ತು. ಭಾರತಕ್ಕೆ ಈ ರೋಗದಿಂದ ಪೂರ್ತಿ ಬಿಡುಗಡೆ ಸಿಕ್ಕಿದೆ ಅಂತ ಅಧಿಕೃತವಾಗಿ ಘೋಷಣೆಯಾದದ್ದು 2000ರಲ್ಲಿ. ಅದರಲ್ಲಿ ಅಜ್ಜಿಯಂಥವರು ಕಟ್ಟಿದ ಬಟ್ಟೆಯ ಪಾಲು ದೊಡ್ಡದು.

ಆ ಸೈಕ್ಲಾಪ್ಸ್ ಒಂದು ಪ್ಲಾಂಕ್ಟನ್. ನೀರು ಎಳೆದ ಕಡೆ ತೇಲುತ್ತಾ ಹೋಗುವ ಸಣ್ಣ ಜೀವಿಗಳಿಗೆಲ್ಲ ಸೇರಿ ಈ ಹೆಸರು. ಬಿಸಿಲು ತಿಂದು ಬೆಳೆಯುವ ಪಾಚಿಯ ಜಾತಿಯವು ಸಸ್ಯ ಪ್ಲಾಂಕ್ಟನ್. ಅವನ್ನು ಮೇಯುವವು ಪ್ರಾಣಿ ಪ್ಲಾಂಕ್ಟನ್. ಭೂಮಿಯ ಮೇಲೆ ಬಿಸಿಲಿನಿಂದ ಆಹಾರ ತಯಾರಾಗುವ ಕೆಲಸದಲ್ಲಿ ಹೆಚ್ಚುಕಡಿಮೆ ಅರ್ಧ ಸಮುದ್ರದ ಸಸ್ಯ ಪ್ಲಾಂಕ್ಟನ್‌ಗಳದ್ದು. ಬಂಗುಡೆ, ಬೂತಾಯಿ ಮೀನು ಬದುಕುವುದು ಇವುಗಳ ಮೇಲೆಯೇ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ, ಹಿನ್ನೀರಿನ ದಂಡೆಯ ಒಂದು ಊರಿನಲ್ಲಿ ವಿಜ್ಞಾನ ಕಲಿಸುತ್ತೇನೆ. "ಸಮುದ್ರ ನಮಗ ಎಲ್ಲಿಂದ ಬಂತ್ರೀ ಸರ್?" ಅಂತ ಮಕ್ಕಳು ಕೇಳುತ್ತಾರೆ. ಆಗ ನಾನು ನಕಾಶೆ ಹಾಸುತ್ತೇನೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ಆಂಧ್ರದ ಹಂಸಲದೀವಿಯ ತನಕ ಹೋಗಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅದೇ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಪಶ್ಚಿಮಕ್ಕೆ ಇಳಿಯುತ್ತದೆ. ಗೋವೆಯಲ್ಲಿ ಮಾಂಡವಿ ಅಂತ ಹೆಸರು ಪಡೆದು ಪಣಜಿಯ ಮುಂದೆ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ತಾಲೂಕಿನ ಮಳೆ ಎರಡು ಕಡಲಿಗೆ ಹೋಗುತ್ತದೆ. ಹಾಗಾಗಿ ಕಡಲಂಚಿನ ಪ್ಲಾಂಕ್ಟನ್‌ಗಳಿಗೆ ನಾವು ಏನು ಕಳಿಸುತ್ತಿದ್ದೇವೆ ಅಂತ ನೋಡಬೇಕಾದರೆ ನಮ್ಮ ಹಳ್ಳದ ದಂಡೆಯಲ್ಲೇ ನಿಂತು ನೋಡಬಹುದು. ಅದನ್ನು ಮನೆಯಲ್ಲಿ, ಶಾಲೆಯಲ್ಲಿ ಸಿಗುವ ಸಾಮಾನಿನಿಂದಲೇ ಮಾಡುವ ಬಗೆ ಇಲ್ಲಿದೆ.

ಮೊದಲು ಜಾಗ ಮತ್ತು ದಿನ ಗೊತ್ತು ಮಾಡಿ

ಮೂರು ಜಾಗ ಸಾಕು. ಮೊದಲನೆಯದು, ಊರಿನ ಅಥವಾ ಹೊಲದ ನೀರು ಸೇರುವುದಕ್ಕಿಂತ ಮೇಲಿನ ಜಾಗ. ಎರಡನೆಯದು, ಆ ನೀರು ಸೇರಿದ ಕೂಡಲೇ ಸಿಗುವ ಜಾಗ. ಮೂರನೆಯದು, ಅಲ್ಲಿಂದ ಒಂದೆರಡು ಕಿಲೋಮೀಟರ್ ಕೆಳಗೆ. ಹೋಲಿಸಿ ನೋಡಿದರೆ ಮಾತ್ರ ಅರ್ಥ ಬರುತ್ತದೆ. ಒಂದೇ ಜಾಗದ ಒಂದೇ ಬಾಟಲಿಯಿಂದ ಏನೂ ಹೇಳಲಾಗದು. ಬೆಳಗಾವಿ ಶಹರದವರು ಬಳ್ಳಾರಿ ನಾಲಾದ ಮೇಲಿನ ಮತ್ತು ಕೆಳಗಿನ ನೀರನ್ನು ಹೋಲಿಸಬಹುದು. ಜಮಖಂಡಿ ಕಡೆಯವರಿಗೆ ಚಿಕ್ಕಪಡಸಲಗಿ ಬ್ಯಾರೇಜ್ ಇದೆ, 1989ರಲ್ಲಿ ರೈತರೇ ಹಣ ಹಾಕಿ, ಮೈಮುರಿದು ಕಟ್ಟಿದ್ದು. ನಿಂತ ನೀರು, ಹರಿವ ನೀರು ಎರಡೂ ಅಲ್ಲಿ ಪಕ್ಕಪಕ್ಕದಲ್ಲೇ ಸಿಗುತ್ತವೆ. ವಿಜಯಪುರದವರಿಗೆ ಡೋಣಿ, ಭೀಮಾ, ಆಲಮಟ್ಟಿಯ ಹಿನ್ನೀರು.

ದಿನಕ್ಕೆ ನಾವು ನಮ್ಮ ಪಂಚಾಂಗವನ್ನೇ ಇಟ್ಟುಕೊಂಡಿದ್ದೇವೆ. ಮಿರಗದ ಮಳೆ ಬೀಳುವ ಮೊದಲು ಒಂದು ಸಲ. ಮೊದಲ ಕೆಂಪು ನೀರು ಬಂದು ಹೋದ ಮರುವಾರ ಒಂದು ಸಲ. ಸೀಗೆ ಹುಣ್ಣಿಮೆಯ ಹೊತ್ತಿಗೆ, ಅಂದರೆ ಮಳೆ ನಿಂತು ನೀರು ತಿಳಿಯಾಗುವಾಗ ಒಂದು ಸಲ. ಕಬ್ಬು ನುರಿಸುವ ಹಂಗಾಮು ಜೋರಾಗಿರುವ ಬನದ ಹುಣ್ಣಿಮೆಗೆ ಇನ್ನೊಂದು ಸಲ. ಹೀಗೆ ವರ್ಷಕ್ಕೆ ನಾಲ್ಕು ಸಲ, ಅದೇ ಮೂರು ಜಾಗ, ಬೆಳಿಗ್ಗೆ ಅದೇ ಹೊತ್ತಿಗೆ.

ಒಂದು ಎಚ್ಚರಿಕೆ. ಕೃಷ್ಣೆ, ಘಟಪ್ರಭಾ, ಮಲಪ್ರಭಾ ಮೂರರಲ್ಲೂ ಮೊಸಳೆ ಇವೆ. ಮೀನು ಹಿಡಿಯುವವರನ್ನು ಕೇಳದೆ ನೀರಿಗೆ ಕಾಲಿಡಬೇಡಿ. ನಮ್ಮ ಮಕ್ಕಳಿಗೆ ಒಂದೇ ನಿಯಮ: ಹಗ್ಗ ನೀರಿಗೆ ಹೋಗಬೇಕು, ಕಾಲು ಹೋಗಬಾರದು. ಮೇಲಿನಿಂದ ಡ್ಯಾಮಿನ ನೀರು ಬಿಟ್ಟ ಸುದ್ದಿ ಇದ್ದರೆ ಅವತ್ತು ಹೋಗುವುದೇ ಬೇಡ.

ಬಲೆ ಹೊಲಿಯುವುದು

ಅಂಗಡಿಯ ಪ್ಲಾಂಕ್ಟನ್ ಬಲೆ ದುಬಾರಿ. ಆದರೆ ಅದಕ್ಕೆ ಹತ್ತಿರದ ಬಟ್ಟೆ ಪ್ರತಿ ತಾಲೂಕಿನಲ್ಲೂ ಇದೆ. ಮದುವೆ ಕಾರ್ಡು, ಕೈಚೀಲದ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡುವವರ ಹತ್ತಿರ ಹೋಗಿ, ಚೌಕಟ್ಟಿಗೆ ಬಿಗಿಯುವ ಮೆಶ್ ಬಟ್ಟೆ ಕೇಳಿ. ಸೆಂಟಿಮೀಟರಿಗೆ 120 ಎಳೆ ಇರುವುದು ಬೇಕು. ಅದರ ಕಣ್ಣು ಒಂದು ಮಿಲಿಮೀಟರನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಸಣ್ಣದು. ಒಂದು ಮೀಟರ್ ಬಟ್ಟೆ ಸಾಕು.

ಅದೂ ಸಿಗದಿದ್ದರೆ ಅಜ್ಜಿಯ ದಾರಿ ಇದೆ. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಇದನ್ನೇ ಮಾಡಿಸಿದ್ದರು. ಮಡಿಸಿದ ಸೀರೆಯಲ್ಲಿ ನೀರು ಸೋಸಿದ ಮನೆಗಳಲ್ಲಿ ಕಾಲರಾ 48 ಶೇಕಡಾ ಕಡಿಮೆಯಾಯಿತು ಅಂತ 2003ರಲ್ಲಿ ಪ್ರಕಟಿಸಿದರು. ಕಾಲರಾದ ಬ್ಯಾಕ್ಟೀರಿಯಾ ಪ್ರಾಣಿ ಪ್ಲಾಂಕ್ಟನ್‌ಗಳ ಮೈಗೆ ಅಂಟಿಕೊಂಡಿರುತ್ತದೆ. ಪ್ಲಾಂಕ್ಟನ್ ಸೋಸಿದರೆ ಅದೂ ಬಹಳಷ್ಟು ಹೋಗುತ್ತದೆ. ಒಗೆದು ಒಗೆದು ಮೆತ್ತಗಾದ ಸೀರೆ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಯಾಕೆಂದರೆ ಎಳೆ ಬಿಚ್ಚಿ ಕಣ್ಣು ಕಿರಿದಾಗಿರುತ್ತದೆ. ಆದರೆ ಸೀರೆಯ ಮಡಿಕೆಯಿಂದ ಜೀವಿಗಳನ್ನು ತೊಳೆದು ತೆಗೆಯುವುದು ಕಷ್ಟ. ಎಣಿಸುವ ಕೆಲಸ ಇದ್ದರೆ ಮೆಶ್ ಬಟ್ಟೆಯೇ ಬೇಕು.

ಬಲೆಯ ಆಕಾರ ಕುಲಾಯಿಯಂತೆ: ಬಾಯಿ ಅಗಲ, ತುದಿ ಸಪೂರ. ಬಾಯಿಗೆ ದಪ್ಪ ತಂತಿಯಿಂದ 25 ಸೆಂಟಿಮೀಟರ್ ಅಗಲದ ಬಳೆ ಮಾಡಿ. ಉದ್ದ ಅದರ ಮೂರರಷ್ಟು, ಸುಮಾರು 75 ಸೆಂಟಿಮೀಟರ್. ಹೊಲಿಗೆಯ ಅಂಚು ಹೊರಗೆ ಬರಲಿ. ಒಳಗೆ ಬಂದರೆ ಜೀವಿಗಳು ಆ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತವೆ, ಮುಂದಿನ ಜಾಗದ ನೀರಿನಲ್ಲಿ ಬಂದು ಲೆಕ್ಕ ಕೆಡಿಸುತ್ತವೆ. ನಮ್ಮ ಮೊದಲ ಬಲೆಯಲ್ಲಿ ಹೀಗೇ ಆಗಿ, ಇಡೀ ದಿನದ ಎಣಿಕೆ ಬಿಡಬೇಕಾಯಿತು. ಬಳೆಗೆ ಮೆಶ್ ಬಟ್ಟೆಯನ್ನು ನೇರ ಹೊಲಿದರೆ ಹರಿಯುತ್ತದೆ. ನಡುವೆ ನಾಲ್ಕು ಬೆರಳು ಅಗಲದ ಗಟ್ಟಿ ಕಾಟನ್ ಪಟ್ಟಿ ಕೊಡಿ. ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಮುಚ್ಚಳ ಕೆಳಗೆ ಬರುವಂತೆ ದಾರದಿಂದ ಬಿಗಿಯಾಗಿ ಕಟ್ಟಿ. ಸೋಸಿದ್ದೆಲ್ಲ ಆ ಕುತ್ತಿಗೆಗೆ ಇಳಿಯುತ್ತದೆ. ಮುಚ್ಚಳ ತಿರುವಿದರೆ ಬಾಟಲಿಗೆ ಬೀಳುತ್ತದೆ.

ಸೋಸುವುದು, ಕಾಪಾಡುವುದು

ಹಗ್ಗ ಕಟ್ಟಿ ಎಳೆದರೆ ಜಾಸ್ತಿ ಸಿಗುತ್ತದೆ, ಆದರೆ ಎಷ್ಟು ನೀರು ಬಲೆಯೊಳಗೆ ಹಾದುಹೋಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ನಾವು ಬಕೆಟ್ ಲೆಕ್ಕ ಹಿಡಿದಿದ್ದೇವೆ. 10 ಲೀಟರಿನ ಬಕೆಟ್ಟಿನಲ್ಲಿ ಹತ್ತು ಸಲ ನೀರು ಎತ್ತಿ, ಬಲೆಯೊಳಗೆ ನಿಧಾನಕ್ಕೆ ಸುರಿಯಿರಿ. ಅಂದರೆ 100 ಲೀಟರ್. ಬಲೆಯನ್ನು ಹೊರಗಿನಿಂದ ತೊಳೆದು, ಕುತ್ತಿಗೆಯಲ್ಲಿ ಉಳಿದದ್ದನ್ನು ಬಾಟಲಿಗೆ ಇಳಿಸಿ, ಒಟ್ಟು 100 ಮಿಲಿಲೀಟರ್ ಮಾಡಿ. ಈಗ ಲೆಕ್ಕ ಬಹಳ ಸುಲಭ: ಬಾಟಲಿಯ 1 ಮಿಲಿಲೀಟರ್ ಅಂದರೆ ನದಿಯ 1 ಲೀಟರ್.

ಜೀವಂತ ನೋಡುವುದಾದರೆ ನೆರಳಿನಲ್ಲಿಟ್ಟು ಎರಡು ತಾಸಿನೊಳಗೆ ನೋಡಿ. ಇಟ್ಟು ನೋಡುವುದಾದರೆ ಶಾಲೆಯ ಪ್ರಯೋಗಾಲಯದಲ್ಲಿ ಪಿಷ್ಟ ಪರೀಕ್ಷೆಗೆ ಬಳಸುವ ಅಯೋಡಿನ್ ದ್ರಾವಣ ಸಾಕು. ನೀರು ಹಾಲು ಹಾಕದ ತಿಳಿ ಚಹಾದ ಬಣ್ಣಕ್ಕೆ ಬರುವ ತನಕ ಹನಿ ಹನಿ ಹಾಕಿ. ಗಾಜಿನ ಬಾಟಲಿ, ಕತ್ತಲೆ ಜಾಗ. ಕೆಲವು ತಿಂಗಳು ಕೆಡುವುದಿಲ್ಲ. ಬಣ್ಣ ಹೋದಂತೆ ಕಂಡರೆ ಇನ್ನೆರಡು ಹನಿ. ಫಾರ್ಮಾಲಿನ್ ಮಕ್ಕಳ ಕೈಗೆ ಬೇಡವೇ ಬೇಡ, ಅದು ಕ್ಯಾನ್ಸರ್ ತರುವ ವಸ್ತು.

ನಮ್ಮ ಬಲೆಯ ಕಣ್ಣಿನಲ್ಲಿ ತೀರ ಸಣ್ಣವು ಜಾರಿ ಹೋಗುತ್ತವೆ. ಅವನ್ನು ಹಿಡಿಯಲು ಸೋಸದ ನೀರು ಒಂದು ಲೀಟರ್ ತುಂಬಿ, ಅಯೋಡಿನ್ ಹಾಕಿ, ಎರಡು ದಿನ ಅಲುಗಾಡಿಸದೆ ಇಡಿ. ಎಲ್ಲ ತಳಕ್ಕೆ ಕೂರುತ್ತವೆ. ಮೇಲಿನ ನೀರನ್ನು ಹೊಸ ಸಲೈನ್ ನಳಿಕೆಯಿಂದ ಮೆಲ್ಲಗೆ ಇಳಿಸಿ, ತಳದ 50 ಮಿಲಿಲೀಟರ್ ಉಳಿಸಿಕೊಳ್ಳಿ.

ನೀರಿನ ತಿಳಿ ಅಳೆಯುವ ತಟ್ಟೆ

1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ-ವಿಜ್ಞಾನಿ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಸಿ, ಎಲ್ಲಿಯ ತನಕ ಕಾಣುತ್ತದೆ ಅಂತ ಅಳೆದರು. ಇವತ್ತಿಗೂ ಕಡಲ ವಿಜ್ಞಾನಿಗಳ ಹಡಗಿನಲ್ಲಿ ಆ ತಟ್ಟೆ ಇರುತ್ತದೆ. ನೀವು 20 ಸೆಂಟಿಮೀಟರಿನ ಸ್ಟೀಲ್ ತಟ್ಟೆಗೆ ನಾಲ್ಕು ಪಾಲು ಮಾಡಿ, ಎದುರುಬದುರು ಕಪ್ಪು ಬಿಳಿ ಪೇಂಟ್ ಹೊಡೆಯಿರಿ. ಕೆಳಗೆ ಕಲ್ಲು ಕಟ್ಟಿ, ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದು ಗಂಟು ಹಾಕಿ. ತಟ್ಟೆ ಕಾಣದಾದ ಗಂಟನ್ನೂ, ಎತ್ತುವಾಗ ಮತ್ತೆ ಕಂಡ ಗಂಟನ್ನೂ ಬರೆದು, ಎರಡರ ಸರಾಸರಿ ತೆಗೆಯಿರಿ.

ಇದು ಯಾಕೆ ಬೇಕು ಅಂದರೆ, ಗೊಬ್ಬರ ಎಷ್ಟೇ ಇರಲಿ, ಬಿಸಿಲು ಕೆಳಗಿಳಿಯದೆ ಪಾಚಿ ಬೆಳೆಯುವುದಿಲ್ಲ. ಮಹಾಪೂರದ ಕೆಂಪು ನೀರಿನಲ್ಲಿ ಪೋಷಕಾಂಶ ತುಂಬಾ ಇರುತ್ತದೆ, ಪಾಚಿ ಮಾತ್ರ ಕಡಿಮೆ. ನೀರು ನಿಂತು, ಮಣ್ಣು ತಳಕ್ಕೆ ಕೂತು, ಬಿಸಿಲು ಬಿದ್ದ ಮೇಲೆ ಒಂದೇ ವಾರದಲ್ಲಿ ಹಸಿರಾಗುತ್ತದೆ. ಮಾಂಡವಿಯ ಅಳಿವೆಯಲ್ಲೂ ಇದೇ ಆಟ. ಜೋರು ಮಳೆಯಲ್ಲಿ ಮಣ್ಣುನೀರು ಬಿಸಿಲು ತಡೆಯುತ್ತದೆ, ಮಳೆ ಬಿಡುವು ಕೊಟ್ಟಾಗ ಪ್ಲಾಂಕ್ಟನ್ ಏಳುತ್ತದೆ. ಹಾಗಾಗಿ ನಿಮ್ಮ ಎಣಿಕೆಯ ಪಕ್ಕದಲ್ಲಿ ತಟ್ಟೆಯ ಅಳತೆ ಇಲ್ಲದಿದ್ದರೆ "ಪಾಚಿ ಇಲ್ಲ, ನೀರು ಚಲೋ ಐತಿ" ಅಂತ ತಪ್ಪು ತಿಳಿಯುವ ಅಪಾಯ ಇದೆ.

ಈಗ ನೋಡುವುದು

ಶಾಲೆಯ ಸೂಕ್ಷ್ಮದರ್ಶಕ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಫೋಲ್ಡ್‌ಸ್ಕೋಪ್ ತರಿಸಿ. ವಿಜ್ಞಾನಿ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ಮಾಡಿದ ಕಾಗದದ ಸೂಕ್ಷ್ಮದರ್ಶಕ ಅದು. 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಮೊಬೈಲಿನ ಕ್ಯಾಮೆರಾಕ್ಕೂ ಅಂಟಿಸಬಹುದು.

ಮೊದಲು ಬರಿಗಣ್ಣಿನಲ್ಲಿ ನೋಡಿ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳು ಜಿಗಿಯುತ್ತವೆ. "ಸರ್, ಇದು ಜಿಗಿತೈತ್ರೀ!" ಅಂತ ಆರನೇ ತರಗತಿಯ ಹುಡುಗಿ ಕೂಗಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಅವು ಕೋಪೆಪಾಡ್‌ಗಳು, ಸೈಕ್ಲಾಪ್ಸ್ ಅದೇ ಕುಲದ್ದು. ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟೆವು. ಹೆಣ್ಣು ಸೈಕ್ಲಾಪ್ಸ್ ಒಂದು ಸಿಕ್ಕಿತು. ನೆತ್ತಿಯ ಮೇಲೆ ಒಂದೇ ಕೆಂಪು ಕಣ್ಣು. ಬಾಲದ ಎರಡೂ ಬದಿಗೆ ಎರಡು ಮೊಟ್ಟೆಯ ಚೀಲ, ಸಂತೆಗೆ ಹೊರಟವರು ಎರಡೂ ಕೈಯಲ್ಲಿ ಚೀಲ ಹಿಡಿದಂತೆ. ಮೈ ಗಾಜಿನಂತಿದ್ದುದರಿಂದ ಒಳಗೆ ಕರುಳು ಹಿಂಡುತ್ತಿದ್ದದ್ದು ಕಾಣುತ್ತಿತ್ತು. ಕರುಳಿನಲ್ಲಿ ಹಸಿರು ಕಾಳು, ಅಂದರೆ ತಿಂದ ಪಾಚಿ. ಮಕ್ಕಳು ಸರದಿ ಬಿಡಲು ಒಪ್ಪಲಿಲ್ಲ. ಅವತ್ತು ಆ ಪೀರಿಯಡ್ಡು ಮುಗಿದ ಮೇಲೂ ಗಣಿತದ ಮೇಷ್ಟ್ರು ನಮ್ಮ ಜೊತೆ ಕೂತು ನೋಡಿದರು.

ಆಮೇಲೆ ಡಯಾಟಮ್ ಎಂಬ ಒಂದೇ ಕೋಶದ ಪಾಚಿ ಹುಡುಕಿ. ಕಂದು-ಹಳದಿ ಬಣ್ಣ, ಗೆರೆ ಕೊರೆದಂಥ ಗಾಜಿನ ಚಿಪ್ಪು. ದೋಣಿಯಂತಿದ್ದರೆ ನಾವಿಕ್ಯುಲಾ, ಸೂಜಿಯಂತಿದ್ದರೆ ನಿಟ್ಜ್‌ಶಿಯಾ ಇರಬಹುದು. ಚಿಪ್ಪು ನಿಜಕ್ಕೂ ಗಾಜಿನ ಜಾತಿಯದೇ, ಸಿಲಿಕಾದಿಂದ ಆದದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಡಲಿನ ಮಾತು ಬರುವಾಗ ಬೇಕು.

ಹಸಿರು ಮೈಯ, ಈಜುವ, ಕೆಂಪು ಚುಕ್ಕೆಯ ಕದಿರಿನಾಕಾರದ್ದು ಯೂಗ್ಲೀನಾ. ನಾಲ್ಕು ಕೋಶ ಪಕ್ಕಪಕ್ಕ ಅಂಟಿಕೊಂಡಿದ್ದರೆ ಸೀನೆಡೆಸ್ಮಸ್. ಮೆಲ್ಲಗೆ ತೆವಳುವ ನೀಲಿ-ಹಸಿರು ನೂಲು ಆಸಿಲ್ಲೇಟೋರಿಯಾ. ಆಕಾರವಿಲ್ಲದ ಮುದ್ದೆಯಲ್ಲಿ ನೂರಾರು ಸಣ್ಣ ಗುಂಡು ಕಂಡರೆ ಮೈಕ್ರೊಸಿಸ್ಟಿಸ್. ತಲೆಯ ಮೇಲೆ ಚಕ್ರ ತಿರುಗಿದಂತೆ ಕಾಣುವ ಜೀವಿ ರೋಟಿಫರ್.

ಎಣಿಕೆಯನ್ನು ಎರಡು ಬಗೆಯಲ್ಲಿ ಮಾಡುತ್ತೇವೆ. ಬಲೆಯ ಬಾಟಲಿಯಿಂದ 5 ಮಿಲಿಲೀಟರ್ ತೆಗೆದು, ಬಿಳಿ ತಟ್ಟೆಯಲ್ಲಿ ಹರಡಿ, ಭೂತಗನ್ನಡಿ ಹಿಡಿದು ಜಿಗಿಯುವ ಜೀವಿಗಳನ್ನು ಎಣಿಸುತ್ತೇವೆ. ಬಂದ ಸಂಖ್ಯೆಯನ್ನು ಐದರಿಂದ ಭಾಗಿಸಿದರೆ ಒಂದು ಲೀಟರ್ ನದಿ ನೀರಿನ ಲೆಕ್ಕ. ಪಾಚಿಗೆ ಮಾತ್ರ ಪಾಮರ್ ಅಂಕ ಹಾಕುತ್ತೇವೆ. ಪಾಮರ್ ಎಂಬ ಅಮೆರಿಕದ ಪಾಚಿ ತಜ್ಞ 1969ರಲ್ಲಿ ಕೊಳಕು ನೀರನ್ನು ತಾಳಿಕೊಳ್ಳುವ 20 ಕುಲಗಳಿಗೆ ಅಂಕ ಕೊಟ್ಟರು. ಯೂಗ್ಲೀನಾಕ್ಕೆ 5, ಆಸಿಲ್ಲೇಟೋರಿಯಾಕ್ಕೆ 5, ಸೀನೆಡೆಸ್ಮಸ್ ಮತ್ತು ಕ್ಲಾಮಿಡೊಮೊನಾಸ್‌ಗೆ 4, ನಾವಿಕ್ಯುಲಾ, ನಿಟ್ಜ್‌ಶಿಯಾ, ಕ್ಲೊರೆಲ್ಲಾಕ್ಕೆ 3, ಹೀಗೆ. ಒಂದೆರಡು ಕಂಡರೆ ಲೆಕ್ಕಕ್ಕೆ ಬೇಡ, ಮತ್ತೆ ಮತ್ತೆ ಕಂಡರೆ ಮಾತ್ರ ಅಂಕ ಹಾಕಿ. ಒಟ್ಟು 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಚರಂಡಿ ಅಥವಾ ಕೊಳೆಯುವ ಕಸದ ನೀರು ಜೋರಾಗಿಯೇ ಸೇರುತ್ತಿದೆ ಅಂತ. 15ರಿಂದ 19 ಇದ್ದರೆ ಅನುಮಾನಿಸಬೇಕು. ಈ ಅಂಕ ಸಿಹಿನೀರಿಗೆ ಮಾತ್ರ. ಅಳಿವೆಯ ಉಪ್ಪುನೀರಿಗೆ ಹಾಕಬೇಡಿ.

ಕಂಡದ್ದನ್ನು ಓದುವುದು

ನೀರು ಹಸಿರು, ಪಾಚಿ ವಿಪರೀತ: ಗೊಬ್ಬರದ ಸಾರಜನಕ, ರಂಜಕ ಬಂದಿದೆ. ಯೂರಿಯಾ ನೀರಿನಲ್ಲಿ ಕರಗಿ ಬಸಿಗಾಲುವೆಯ ಮೂಲಕ ಹೋಗುತ್ತದೆ. ರಂಜಕ ಹಾಗಲ್ಲ, ಎರೆಮಣ್ಣಿಗೆ ಅಂಟಿಕೊಳ್ಳುತ್ತದೆ, ಮಣ್ಣು ಕೊಚ್ಚಿ ಹೋದಾಗ ಅದರ ಜೊತೆ ಹೋಗುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. 5 ಕೆಜಿ ಡಿಎಪಿಯಲ್ಲಿ ಸುಮಾರು 1 ಕೆಜಿ ರಂಜಕ ಇರುತ್ತದೆ. ಆ ಒಂದು ಕೆಜಿ ಪೂರ್ತಿ ನೀರಿಗೆ ಸೇರಿ ಪಾಚಿಯಾದರೆ, ಆ ಪಾಚಿ ಸತ್ತು ಕೊಳೆಯಲು ಸುಮಾರು 140 ಕೆಜಿ ಆಮ್ಲಜನಕ ಬೇಕು. ನಮ್ಮ ಬಿಸಿಲಿನ ನೀರಿನಲ್ಲಿ ಕರಗಿರುವುದು ಲೀಟರಿಗೆ ಎಂಟು ಮಿಲಿಗ್ರಾಂ ಆಸುಪಾಸು. ಅಂದರೆ ಒಂದೂಮುಕ್ಕಾಲು ಕೋಟಿ ಲೀಟರ್ ನೀರಿನ ಉಸಿರು ಖಾಲಿ. ಕೇವಲ ಐದು ಕೆಜಿ ಗೊಬ್ಬರಕ್ಕೆ! ಈ ಲೆಕ್ಕವನ್ನು ಮೊದಲ ಸಲ ಹಲಗೆಯ ಮೇಲೆ ಬರೆದಾಗ ನನಗೇ ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಮಾಡಿ ನೋಡಿದೆ.

ಪಾಚಿ ಜಾಸ್ತಿ, ಆದರೆ ಜಿಗಿಯುವ ಜೀವಿಗಳೇ ಇಲ್ಲ: ಕೀಟನಾಶಕದ ಕಡೆ ಅನುಮಾನ ಹೋಗಬೇಕು. ಕೋಪೆಪಾಡ್, ಡಾಫ್ನಿಯಾಗಳು (ಡಾಫ್ನಿಯಾ ಅಂದರೆ ಜಿಗಿಯುವ ಇನ್ನೊಂದು ಪ್ರಾಣಿ ಪ್ಲಾಂಕ್ಟನ್) ಸಿಗಡಿ, ಏಡಿಯ ಬಂಧುಗಳು, ಕೀಟಗಳಿಗೂ ದೂರದ ಸಂಬಂಧಿಗಳು. ಹುಳ ಕೊಲ್ಲುವ ಔಷಧ ಇವನ್ನೂ ಕೊಲ್ಲುತ್ತದೆ. ಮೇಯುವವರು ಸತ್ತರೆ ಪಾಚಿಗೆ ಅಡ್ಡಿಯೇ ಇಲ್ಲ.

ಯೂಗ್ಲೀನಾ, ಆಸಿಲ್ಲೇಟೋರಿಯಾ ತುಂಬಿದ್ದರೆ: ಊರಿನ ಚರಂಡಿ. ಇದರಲ್ಲಿ ಹೆಚ್ಚು ವಿವರಣೆ ಬೇಕಿಲ್ಲ, ಮೂಗೇ ಹೇಳುತ್ತದೆ.

ನೀರು ಕಡುಕಂದು, ಕಾಕಂಬಿಯ ವಾಸನೆ, ಪ್ಲಾಂಕ್ಟನ್ ಬಹುತೇಕ ಇಲ್ಲ: ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಸ್ಪೆಂಟ್‌ವಾಶ್ ಇರಬಹುದು. ಅದನ್ನು ಕೊಳೆಸಲು ಲೀಟರಿಗೆ 40,000 ಮಿಲಿಗ್ರಾಂಗಿಂತ ಜಾಸ್ತಿ ಆಮ್ಲಜನಕ ಬೇಕು. ನದಿಗೆ ಬಿಡುವ ಕೊಳಚೆ ನೀರಿಗೆ ಇರುವ ಮಿತಿ 30 ಮಿಲಿಗ್ರಾಂ. ಒಂದು ವರ್ಷ ಹಂಗಾಮಿನ ನಡುವೆ ನಮ್ಮ ಹಳ್ಳದಲ್ಲಿ ಇಂಥ ನೀರು ಬಂತು. ನಸುಕಿನಲ್ಲಿ ಹೋದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ನಿಂತಿದ್ದವು. ಬಿಸಿಲೇರುವಷ್ಟರಲ್ಲಿ ಹೊಟ್ಟೆ ಮೇಲಾಗಿದ್ದವು. ನಮ್ಮ ಬಲೆಯಲ್ಲಿ ಬಂದದ್ದು ಕಂದು ಲೋಳೆ ಮಾತ್ರ. ಒಂದೇ ಒಂದು ಜೀವಿ ಜಿಗಿಯಲಿಲ್ಲ. ಮಕ್ಕಳು ಅವತ್ತು ಏನೂ ಮಾತಾಡಲಿಲ್ಲ. ನಸುಕು ಯಾಕೆ ಮುಖ್ಯ ಅಂದರೆ, ರಾತ್ರಿ ಪಾಚಿಯೂ ಆಮ್ಲಜನಕ ಉಸಿರಾಡುತ್ತದೆ, ಕೊಡುವುದಿಲ್ಲ. ಹಾಗಾಗಿ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ ಇರುವುದು ಸೂರ್ಯ ಹುಟ್ಟುವ ಸ್ವಲ್ಪ ಮೊದಲು.

ಪೇಂಟ್ ಚೆಲ್ಲಿದಂಥ ಹಸಿರು ಕೆನೆ ದಂಡೆಗೆ ಕಟ್ಟಿದ್ದರೆ: ಮುಟ್ಟಬೇಡಿ, ದನಕರು ಕುಡಿಯಲು ಬಿಡಬೇಡಿ. ಮೈಕ್ರೊಸಿಸ್ಟಿಸ್ ಇದ್ದರೆ ಅದರ ವಿಷ ಯಕೃತ್ತಿಗೆ ಹೊಡೆಯುತ್ತದೆ. ನೀರು ಕುದಿಸಿದರೂ ಆ ವಿಷ ಹೋಗುವುದಿಲ್ಲ.

ಇಲ್ಲಿಂದ ಕಡಲಿನ ತನಕ

ಇಷ್ಟರ ತನಕ ಮಾಡಿದ್ದು ನಮ್ಮ ಹಳ್ಳದ ಮಾತು. ಇದು ಕಡಲಿಗೆ ಹೇಗೆ ತಟ್ಟುತ್ತದೆ?

ಕಡಲಂಚಿನಲ್ಲಿ ಡಯಾಟಮ್‌ಗಳೇ ಮೇವಿನ ಮುಖ್ಯ ಬೆಳೆ. ಕೋಪೆಪಾಡ್ ಅವನ್ನು ಮೇಯುತ್ತದೆ, ಮೀನುಮರಿ ಕೋಪೆಪಾಡನ್ನು ತಿನ್ನುತ್ತದೆ. ಬೂತಾಯಿಯಂತೂ ಡಯಾಟಮ್ ಅನ್ನು ನೇರವಾಗಿಯೇ ಸೋಸಿ ತಿನ್ನುತ್ತದೆ. ಡಯಾಟಮ್‌ಗೆ ಸಾರಜನಕ, ರಂಜಕದ ಜೊತೆ ಸಿಲಿಕಾ ಬೇಕೇ ಬೇಕು, ಚಿಪ್ಪು ಕಟ್ಟಲು. ಹೆಚ್ಚುಕಡಿಮೆ 16 ಪಾಲು ಸಾರಜನಕಕ್ಕೆ ಅಷ್ಟೇ ಸಿಲಿಕಾ, 1 ಪಾಲು ರಂಜಕ. ಸಿಲಿಕಾ ಯೂರಿಯಾ ಚೀಲದಲ್ಲಿ ಬರುವುದಿಲ್ಲ. ಅದು ಕಲ್ಲು ಸವೆದು ಬರುತ್ತದೆ. ವಿಜಯಪುರದ ಕರಿಕಲ್ಲು ಶತಮಾನಗಟ್ಟಲೆ ಸವೆದು ಸವೆದು ಕೃಷ್ಣೆಗೆ ಕೊಟ್ಟದ್ದು ಇದನ್ನೇ.

ಈಗ ನಡುವೆ ಅಣೆಕಟ್ಟೆಗಳು ಬಂದಿವೆ. ಆಲಮಟ್ಟಿ ಒಂದರಲ್ಲೇ 123 ಟಿಎಂಸಿ ನೀರು ನಿಲ್ಲುತ್ತದೆ. ಅದರ ಕೆಳಗೆ ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರ. ನೀರು ನಿಂತಲ್ಲಿ ಮಣ್ಣು ಕೂರುತ್ತದೆ. ಡಯಾಟಮ್ ಅಲ್ಲೇ ಬೆಳೆದು, ಸಿಲಿಕಾ ಹೀರಿ, ಸತ್ತು, ಹೂಳಿಗೆ ಸೇರುತ್ತದೆ. ಹೂಳಿನ ಜೊತೆ ಸಿಲಿಕಾವೂ ಅಲ್ಲೇ ಉಳಿಯುತ್ತದೆ. ಆದರೆ ಅಣೆಕಟ್ಟೆಯ ಕೆಳಗೂ ಹೊಲ ಇವೆ, ಶಹರ ಇವೆ, ಸಾರಜನಕ ಮತ್ತೆ ಸೇರುತ್ತಾ ಹೋಗುತ್ತದೆ. ಕಡಲಿನ ತಟ್ಟೆಗೆ ರೊಟ್ಟಿ ಎರಡರಷ್ಟು, ಪಲ್ಯ ಅರ್ಧ ಅಂದಂತೆ. ಡಯಾಟಮ್‌ಗೆ ಅದು ಹೊಂದುವುದಿಲ್ಲ. ಸಿಲಿಕಾ ಬೇಡದ ಬೇರೆ ಪಾಚಿಗಳು ಆ ಜಾಗ ಹಿಡಿಯುತ್ತವೆ. ಅವುಗಳಲ್ಲಿ ಕೆಲವು ವಿಷದವು, ಕೆಲವನ್ನು ಕೋಪೆಪಾಡ್ ಮುಟ್ಟುವುದಿಲ್ಲ.

ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ಇದರ ಪಾಠ ಇದೆ. ಅಲ್ಲಿ ಅಣೆಕಟ್ಟೆ ಬಂದದ್ದು 1970ರ ದಶಕದ ಆರಂಭದಲ್ಲಿ. ಆಮೇಲೆ ಕಪ್ಪು ಸಮುದ್ರಕ್ಕೆ ಬರುವ ಸಿಲಿಕಾ ಮೂರರಲ್ಲಿ ಎರಡು ಪಾಲು ಕಡಿಮೆಯಾಯಿತು, ಪ್ಲಾಂಕ್ಟನ್ ಜಾತಿಗಳೇ ಬದಲಾದವು ಅಂತ 1997ರ ಒಂದು ಅಧ್ಯಯನ ಹೇಳಿತು. ಅದರಲ್ಲಿ ಅಣೆಕಟ್ಟೆಯ ಪಾಲು ಎಷ್ಟು ಎಂಬ ಚರ್ಚೆ ಆಮೇಲೆ ನಡೆದಿದೆ. ಆದರೆ ಪ್ರಶ್ನೆ ನಮಗೂ ಸಂಬಂಧಿಸಿದ್ದೇ.

ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಹಳ್ಳದಲ್ಲಿ ಆದದ್ದೇ ಕಡಲಿನಲ್ಲೂ ಆಗುತ್ತದೆ, ದೊಡ್ಡದಾಗಿ. ಅಮೆರಿಕದ ಮಿಸಿಸಿಪಿ ನದಿಯ ಬಾಯಲ್ಲಿ 2017ರ ಬೇಸಿಗೆಯಲ್ಲಿ ಆಮ್ಲಜನಕ ಇಲ್ಲದ ನೀರು 22,730 ಚದರ ಕಿಲೋಮೀಟರ್ ಹರಡಿತ್ತು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆ ಕೂಡಿಸಿದರೂ ಅಷ್ಟಾಗುವುದಿಲ್ಲ. ಅದಕ್ಕೆ ಮುಖ್ಯ ಕಾರಣ ಸಾವಿರ ಕಿಲೋಮೀಟರಿಗೂ ದೂರದ ಮೆಕ್ಕೆಜೋಳದ ಹೊಲಗಳ ಗೊಬ್ಬರ. ನಮ್ಮ ಪಶ್ಚಿಮ ಕರಾವಳಿಯ ಕತೆ ಸ್ವಲ್ಪ ಬೇರೆ. ಅಲ್ಲಿ ಮಳೆಗಾಲದ ಕೊನೆಗೆ ಆಳದ ನೀರು ಮೇಲೆ ಬಂದು, ಆಮ್ಲಜನಕ ಕಡಿಮೆಯಾಗುವುದು ಮೊದಲಿನಿಂದಲೂ ಸಹಜ. ನದಿಯ ಕೊಳಕು ಆಗಲೇ ಉಸಿರುಕಟ್ಟಿದ ಜಾಗಕ್ಕೆ ಹೋಗಿ ಸೇರುತ್ತದೆ.

ಶಾಲೆಯ ಪ್ರವಾಸಕ್ಕೆ ಗೋವೆಗೆ ಹೋಗುವವರು ಬಲೆ ಜೊತೆಗೆ ಒಯ್ಯಿರಿ. ಪಣಜಿಯಲ್ಲಿ ಮಾಂಡವಿಯ ದಂಡೆಯಿಂದ ಹತ್ತು ಬಕೆಟ್ ನೀರು ಸೋಸಿ. ಭರತ ಬರುವಾಗ ಎತ್ತಿದ ನೀರು, ಇಳಿತದ ನೀರು ಬೇರೆ ಬೇರೆ ಬಾಟಲಿಗೆ. ನಾವು ಹೋದದ್ದು ಡಿಸೆಂಬರಿನಲ್ಲಿ. ಗಾಜಿನ ಮೇಲೆ ಉದ್ದ ಉದ್ದ ಮುಳ್ಳಿನ ಸರಪಳಿ ಕಂಡವು, ಕೀಟೊಸೆರಾಸ್ ಎಂಬ ಕಡಲ ಡಯಾಟಮ್. "ನಮ್ಮ ಹೊಳಿಯಾಗ ಮುಳ್ಳಿನವು ಇಲ್ಲಲ್ರೀ ಸರ್" ಅಂದ ಒಬ್ಬ. ನಿಜ, ಮುಳ್ಳಿದ್ದರೆ ಕಡಲಿನಲ್ಲಿ ಬೇಗ ಮುಳುಗುವುದಿಲ್ಲ, ತಿನ್ನುವವರಿಗೂ ಕಷ್ಟ. ಅದೇ ಜಾಗದಲ್ಲಿ ಮಳೆಗಾಲದಲ್ಲಿ ನೋಡಿದರೆ, ಸಿಹಿನೀರು ಉಪ್ಪನ್ನು ಹೊರಗೆ ದೂಡಿ, ನದಿಯ ಜಾತಿಗಳು ಕೆಳಗಿನ ತನಕ ಬಂದಿರುತ್ತವೆ. ಪ್ಲಾಂಕ್ಟನ್ ಬದಲಾದದ್ದು ಋತುವಿನಿಂದಲೋ ಕೊಳಕಿನಿಂದಲೋ ಅಂತ ಬೇರ್ಪಡಿಸಲು ವರ್ಷವಿಡೀ ನೋಡಬೇಕು. ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಈ ಅಳಿವೆಯಲ್ಲಿ ದಶಕಗಳಿಂದ ಮಾಡುತ್ತಿರುವ ಕೆಲಸ ಅದು.

ದಂಡೆಯಲ್ಲೇ ಮಾಡಬಹುದಾದ್ದು

ಹೊಲ ಇದ್ದವರಿಗೆ ಕೆಲವು ಮಾತು. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಮಣ್ಣಿನಲ್ಲಿ ರಂಜಕ ಸಾಕಷ್ಟಿದ್ದರೆ ಡಿಎಪಿ ದುಡ್ಡು ಉಳಿಯಿತು. ಕಬ್ಬಿಗೆ ಯೂರಿಯಾವನ್ನು ಮೂರು-ನಾಲ್ಕು ಕಂತಿನಲ್ಲಿ, ಮಣ್ಣು ಮುಚ್ಚಿ ಕೊಡಿ. ಮೋಡ ಕಟ್ಟಿದ ದಿನ ಎರಚಬೇಡಿ. ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಡದೆ ಸಾಲಿನಲ್ಲಿ ಹಾಸಿದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ. ಹಳ್ಳದ ಅಂಚಿನಲ್ಲಿ ಮೂರು ಮೀಟರ್ ಅಗಲ ಉಳುಮೆ ಬಿಟ್ಟು ಹುಲ್ಲು ಬೆಳೆಯಲು ಬಿಡಿ, ದನಕ್ಕೆ ಮೇವೂ ಆಯಿತು. ಔಷಧ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯುವುದನ್ನು ಇವತ್ತೇ ಬಿಡಬೇಕು. ತೊಳೆದ ನೀರನ್ನು ಹೊಲಕ್ಕೇ ಚೆಲ್ಲಿ.

ಕಂದು ನೀರು ಬಂದರೆ, ಮೀನು ಸತ್ತರೆ, ತಡ ಮಾಡದೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿ, ಆಮೇಲೆ ಬರವಣಿಗೆಯಲ್ಲೂ ಕೊಡಿ. ನೀವು ತುಂಬಿದ ಬಾಟಲಿ ಕೋರ್ಟಿನಲ್ಲಿ ನಡೆಯುವುದಿಲ್ಲ. 1974ರ ಜಲ ಕಾಯ್ದೆಯ ಪ್ರಕಾರ ಮಂಡಳಿಯವರೇ ಕ್ರಮಬದ್ಧವಾಗಿ ತೆಗೆದ ಮಾದರಿ ಬೇಕು. ಅವರು ಬರುವ ಹೊತ್ತಿಗೆ ನೀರು ಹರಿದು ಹೋಗಿರುತ್ತದೆ, ಅದಕ್ಕೇ ಆತುರ. ಆದರೆ ನಿಮ್ಮ ನಾಲ್ಕು ಹಂಗಾಮಿನ ವಹಿ ಇದ್ದರೆ ಎಲ್ಲಿ, ಯಾವಾಗ ಮಾದರಿ ತೆಗೆಯಬೇಕು ಅಂತ ತೋರಿಸಬಹುದು.

ಆ ವಹಿಯಲ್ಲಿ ತಾರೀಖು, ಹೊತ್ತು, ಜಾಗ, ಹಿಂದಿನ ಮಳೆ ಬಿದ್ದ ದಿನ, ತಟ್ಟೆಯ ಗಂಟು, ಲೀಟರಿಗೆ ಜಿಗಿಯುವ ಜೀವಿ, ಪಾಮರ್ ಅಂಕ, ವಾಸನೆ, ಬಣ್ಣ ಇಷ್ಟು ಬರೆಯಿರಿ. ಬಾಟಲಿಯ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಹೊರಗೆ ಅಂಟಿಸಿದ್ದು ಒದ್ದೆಯಾಗಿ ಉದುರುತ್ತದೆ, ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.